ಒಂದಕ್ಷರದ ಜಾಗ

ಕಳೆದ ವಾರ ಬೆಟಗೇರಿಯ ನಮ್ಮ ನೇಕಾರರ ಸಂಘದಲ್ಲಿ ಅಕ್ಕಾರ ಸಂತಾಪ ಸಭೆ ನಡೆಯಿತು. ಅಧ್ಯಕ್ಷರು ಸತ್ತವರ ಬಗ್ಗೆ ಆಡಬೇಕಾದ ಮಾತುಗಳನ್ನೆಲ್ಲ ಆಡಿದರು. ಜೊತೆಗೆ ಒಂದು ವಾಕ್ಯ ಹೆಚ್ಚಿಗೆ ಸೇರಿಸಿದರು. "ಹೊಸ ತಂತ್ರಜ್ಞಾನವನ್ನು ಮೊದಮೊದಲು ವಿರೋಧಿಸಿದರೂ ಕೊನೆಗೆ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು." ಸಭೆ ತಲೆಯಾಡಿಸಿತು. ಮರುದಿನದ ಸುದ್ದಿಯಲ್ಲೂ ಅದೇ ವಾಕ್ಯ ಬಂದಿತು. ಇನ್ನು ಹತ್ತು ವರ್ಷಕ್ಕೆ ಅವರ ಬಗ್ಗೆ ಯಾರಿಗಾದರೂ ಏನಾದರೂ ನೆನಪಿದ್ದರೆ ಇದೊಂದೇ ನೆನಪಿರುತ್ತದೆ. ಈ ವಾಕ್ಯದ ಎರಡೂ ಅರ್ಧಗಳು ಸುಳ್ಳು. ಅವರು ವಿರೋಧಿಸಲಿಲ್ಲ, ಕೊನೆಗೆ ಒಪ್ಪಿಕೊಂಡವರೂ ಅವರಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರಿಗೆ ಅದು ಹಿಡಿಸಲಿಕ್ಕಿಲ್ಲ. ಸಂಘದಲ್ಲಿ ಅವರು ಎಲ್ಲರಿಗೂ ಕಂಪ್ಯೂಟರ್ ಅಕ್ಕಾರು. ನಾನು ಅಲ್ಲಿಯ ನೂಲಿನ ಉಗ್ರಾಣ ನೋಡಿಕೊಂಡವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಉಳಿದದ್ದನ್ನು ಗದಗಿನ ವಾಚನಾಲಯದ ಬೆಂಚಿನ ಮೇಲೆ ಕಲಿತೆ. ನಿವೃತ್ತಿಯಾದ ಮೇಲೂ, ಇನ್ನೊಬ್ಬರು ಸಿಗಲಿಲ್ಲವೆಂದು, ಕೀಲಿಕೈ ನನ್ನಲ್ಲಿಯೇ ಉಳಿಯಿತು. ಲಕ್ಕುಂಡಿಯಿಂದ ದಿನವೂ ಬಸ್ಸಿಗೆ ಬರುತ್ತಿದ್ದೆ. ನಮ್ಮೂರ ಗುಡಿಗಳ ಬಗ್ಗೆ ಹಿರಿಯರು ಹೇಳುವ ಕಥೆಗಳನ್ನೂ ಶಾಸನ ನೋಡದೆ ನಂಬಿದವನಲ್ಲ. ಈ ಗುಣದಿಂದಾಗಿ ನನಗೆ ಗೆಳೆಯರು ಕಡಿಮೆ. ಅಕ್ಕಾರು ಮಾತ್ರ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಉಗ್ರಾಣದ ಕಟ್ಟೆಗೆ ಬಂದು ಕೂಡುತ್ತಿದ್ದರು.

ಅವರು ಸಂಘಕ್ಕೆ ಟೈಪಿಸ್ಟ್ ಆಗಿ ಬಂದವರು. ಧಾರವಾಡದಿಂದ ಬಂದ ಒಬ್ಬ ಸಂಭಾವಿತರು ಡಾಸ್ ಕಾಲದ ಪ್ರೋಗ್ರಾಂ ಬರೆದುಕೊಟ್ಟು ಹೋದಾಗ ಅದರ ಮುಂದೆ ಕೂಡಲು ಉಳಿದವರೆಲ್ಲ ಹೆದರಿದರು. ಇವರು ಕುಳಿತರು, ನಿವೃತ್ತಿಯವರೆಗೂ ಏಳಲಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ, ಎಲ್ಲವೂ ಇಂಗ್ಲಿಷ್ ಲಿಪಿ. ಯಾವ ನೇಕಾರನಿಗೆ ಎಷ್ಟು ನೂಲು ಹೋಯಿತು, ಉದ್ದೆಳೆಯ ಹಾಸಿಗೆ ಎಷ್ಟು, ಅಡ್ಡೆಳೆಯ ಹೊಕ್ಕಿಗೆ ಎಷ್ಟು, ಯಾವ ಸೀರೆ ಮರಳಿ ಬಂತು, ಎಲ್ಲವೂ ಆ ಯಂತ್ರದೊಳಗೆ. ಅದಕ್ಕೆ ಸಂಘದ್ದೇ ತುಂಡು ಸೀರೆಯಿಂದ ಅವರು ಒಂದು ಗವಸು ಹೊಲಿದಿದ್ದರು.

ಅವರದೊಂದು ಅಭ್ಯಾಸವಿತ್ತು. ವಿವರ ತುಂಬಿದ ಮೇಲೆ ಎಂಟರ್ ಒತ್ತುವ ಮೊದಲು ಎರಡೂ ಕೈಗಳನ್ನು ಕೀಲಿಮಣೆಯಿಂದ ತೆಗೆದು ಮಡಿಲಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಂದು ಉಸಿರಿನಷ್ಟು ಹೊತ್ತು. ಹೊರಗಿನವರಿಗೆ ಅವರು ದೇವರನ್ನು ನೆನೆಯುತ್ತಿದ್ದಾರೆ ಎನಿಸುತ್ತಿತ್ತು. ಹಾಗೆಂದು ಹೇಳುವವರೂ ಇದ್ದರು. ನಾನು ಕೇಳಿಯೇ ಬಿಟ್ಟೆ.

"ದೇವರು ಗೀವರು ಏನಿಲ್ರಿ. ಒಗದ ಲಾಳಿ ತಿರುಗಿ ಕೈಗೆ ಬರತೈತಿ. ಇದು ಬರೂದಿಲ್ಲ. ಅದಕ್ಕ ಒಮ್ಮಿ ನೋಡ್ತೀನಿ."

ಲಾಳಿ ಎಸೆದು ಗೊತ್ತಿದ್ದವರ ಮಾತದು. ಅವರ ತಾಯಿ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಣಿಮಗ್ಗದಲ್ಲಿ ನೇಯ್ದವರು. ಸೀರೆಯೆಲ್ಲ ತಂದೆಯ ಹೆಸರಿನಲ್ಲಿ ಸಂಘಕ್ಕೆ ಹೋಗುತ್ತಿತ್ತು. ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣವೆಂದು ಕೆಲವರು ಈಗ ಹೇಳುತ್ತಾರೆ. ನಾನು ಅವರನ್ನು ಅದನ್ನೂ ಕೇಳಿದ್ದೆ. "ಹಂಗೇನಿಲ್ರಿ," ಎಂದಿದ್ದರು. "ನೂಲು ಒಯ್ಯಾಕ ಬಂದಾಕಿ ಒಬ್ಬಾಕಿ, ಬರಿಯೂ ಹೆಸರು ಇನ್ನೊಬ್ಬಂದು. ತಪ್ಪು ಬರದ್ರ ಬೆರಳು ನೋಯತಾವು, ಅಷ್ಟ."

ಇನ್ನು ವಿರೋಧದ ಮಾತು. ಹೊಸದು ಬೇಕೆಂದು ಮೊದಲ ಅರ್ಜಿ ಕೊಟ್ಟವರೇ ಅಕ್ಕಾರು. ನಮಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಶಾಖೆಗಳಿದ್ದವು. ಅಲ್ಲಿಯ ಚೀಟಿಗಳು ವಾರಕ್ಕೊಮ್ಮೆ ಬಸ್ಸಿನಲ್ಲಿ ಬೆಟಗೇರಿಗೆ ಬಂದು, ಇವರ ಬೆರಳಿನಿಂದ ಯಂತ್ರಕ್ಕೆ ಹೋಗಬೇಕು. ಮುಂಡರಗಿಯ ಒಂದು ಕಟ್ಟು ದಾರಿಯ ಡೋಣಿ ಊರಿನವರೆಗೆ ಬಂದು, ಅಲ್ಲಿ ಯಾರದೋ ಬದನೆಕಾಯಿ ಬುಟ್ಟಿಯ ಜೊತೆಗೆ ಇಳಿದುಹೋಗಿತ್ತು. ಅದು ಸಿಗುವವರೆಗೆ ಅಲ್ಲಿಯ ನೇಕಾರರಿಗೆ ನೂಲಿಲ್ಲ. "ಅಲ್ಲಿಂದು ಅಲ್ಲೇ ಬರಿಯೂವಂಗ ಮಾಡ್ರಿ" ಎಂದು ಅವರು ಆಡಳಿತ ಮಂಡಳಿಗೆ ಬರೆದ ಅರ್ಜಿಯನ್ನು ನಾನೇ ನೋಡಿದ್ದೇನೆ. ಅದು ಕಡತದಲ್ಲಿ ಬಹಳ ಕಾಲ ಬಿದ್ದಿತ್ತು. ಕೊನೆಗೆ ಇಲಾಖೆಯೇ ಹೊಸ ವ್ಯವಸ್ಥೆ ಆಗಬೇಕೆಂದು ಆದೇಶಿಸಿದಾಗ ಅದು ಅಧ್ಯಕ್ಷರ ಕನಸಾಯಿತು.

ಹುಬ್ಬಳ್ಳಿಯ ಕಂಪನಿಯೊಂದರಿಂದ ಒಬ್ಬ ಎಂಜಿನಿಯರ್ ಬಂದರು. ಮೃದು ಸ್ವಭಾವದ, ಕೆಲಸ ಬಲ್ಲ ಮನುಷ್ಯ. ಮೊದಲ ದಿನವೇ ಉಗ್ರಾಣದ ಕಟ್ಟೆಯ ಮೇಲೆ ಕುಳಿತು ಅಕ್ಕಾರಿಗೆ ವಿವರಿಸಿದರು.

"ಹಿಂಗ ತಿಳ್ಕೊರಿ ಅಕ್ಕಾರ. ಮಾಹಿತಿ ಎಲ್ಲಾ ಒಳಗ ಉಗ್ರಾಣದಾಗ ಇರತೈತಿ. ಕಣ್ಣಿಗೆ ಕಾಣೂ ಪುಟ ಬರೇ ಒಂದ ಕಿಟಕಿ. ಕಿಟಕಿಯಾಗ ನಿಂತು ಕೇಳಿದ್ರ ಒಳಗಿನಿಂದ ತಂದು ಕೊಡತೈತಿ. ಅದಕ್ಕ ವೆಬ್ ಸರ್ವಿಸ್ ಅಂತಾರ. ಶಿರಹಟ್ಟಿಯವ್ರೂ ಕೇಳಬಹುದು, ಇಲಾಖೆಯವ್ರೂ ಕೇಳಬಹುದು."

"ಕೇಳಲಾರದ್ದು?"

"ಕೇಳದಿದ್ರ ಕೊಡೂದಿಲ್ರಿ."

"ಕೇಳಬೇಕಂತ ಗೊತ್ತ ಇಲ್ಲದವ್ರಿಗೆ?"

ಎಂಜಿನಿಯರ್ ನಕ್ಕರು. ಅಕ್ಕಾರೂ ನಕ್ಕು ಎದ್ದರು. ಆ ಪ್ರಶ್ನೆಯನ್ನು ಯಾರೂ ಬರೆದುಕೊಳ್ಳಲಿಲ್ಲ.

ಹೊಸ ಪುಟ ಸಿದ್ಧವಾಗುತ್ತ ಬಂದಂತೆ ಅವರು ಅದರ ದೋಷಗಳನ್ನು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆಯತೊಡಗಿದರು. ಎಲ್ಲವೂ ಒಂದೇ ಪುಟದಲ್ಲಿ ತೆರೆದುಕೊಳ್ಳುವ ಏರ್ಪಾಡು ಅದು. ಬೇರೆ ಪುಟಕ್ಕೆ ಹೋಗುವ ಗೊಡವೆಯಿಲ್ಲ. ಒಂದು ದಿನ ಅರ್ಧ ತುಂಬಿದ ಮೇಲೆ ತಪ್ಪು ತಿದ್ದಲೆಂದು ಹಿಂದಕ್ಕೆ ಹೋಗುವ ಬಾಣದ ಗುರುತು ಒತ್ತಿದರು. ತುಂಬಿದ್ದೆಲ್ಲ ಮಾಯವಾಗಿ, ಮೊದಲಿನಿಂದ ಹೆಸರು ಕೇಳತೊಡಗಿತು. ಎಂಜಿನಿಯರ್ ಮುಖ ಸಣ್ಣದಾಯಿತು.

"ಇರಲಿ ಬಿಡ್ರಿ," ಅಕ್ಕಾರು ಸಮಾಧಾನ ಹೇಳಿದರು. "ಒಂದ ಪುಟದ ಪುಸ್ತಕಕ್ಕ ಹಿಂದಿನ ಪುಟ ಎಲ್ಲಿಂದ ಬರಬೇಕು, ಅದೂ ಖರೇನ."

ಎರಡು ದಿನದಲ್ಲಿ ಎಂಜಿನಿಯರ್ ಅದನ್ನು ಸರಿಪಡಿಸಿಕೊಂಡು ಬಂದರು. ಆ ನೋಟುಬುಕ್ಕಿನಲ್ಲಿ ತಪ್ಪು ದೂರು ಒಂದೂ ಇರಲಿಲ್ಲವೆಂದು ಎಂಜಿನಿಯರ್ ನನ್ನ ಮುಂದೆ ಹೇಳಿದ್ದುಂಟು. ವಿರೋಧಿಸುವವರು ಹೀಗೆ ತಮ್ಮ ಕೈಯಾರೆ ಕಾಗುಣಿತ ತಿದ್ದಿ ಬೆಳೆಸುವುದಿಲ್ಲ.

ಹಳೆಯ ಯಂತ್ರದಲ್ಲಿದ್ದ ವಿವರಗಳನ್ನು ಹೊಸದಕ್ಕೆ ಸಾಗಿಸುವ ಕೆಲಸ ನಡೆದಾಗ ಅಕ್ಕಾರು ನಾಲ್ಕು ದಿನ ಜ್ವರದಿಂದ ಮಲಗಿದ್ದರು. ಎಂಜಿನಿಯರ್ ಒಂದು ಹಾಳೆ ಹಿಡಿದು ಉಗ್ರಾಣಕ್ಕೆ ಬಂದರು. ಪ್ರತಿ ಸದಸ್ಯನ ಸಾಲಿನ ಕೊನೆಯಲ್ಲಿ ಒಂದೇ ಅಕ್ಷರ ಹಿಡಿಸುವಷ್ಟು ಜಾಗವಿತ್ತು. ಅದರ ತಲೆಯ ಮೇಲೆ ಕೆ, ಎ, ಐ ಎಂಬ ಮೂರು ಇಂಗ್ಲಿಷ್ ಅಕ್ಷರ. ಬಹಳ ಸಾಲುಗಳಲ್ಲಿ ಅದು ಖಾಲಿ. ಕೆಲವಕ್ಕೆ ಎಚ್, ಕೆಲವಕ್ಕೆ ಎಂ, ಕೆಲವಕ್ಕೆ ಎಸ್.

"ಇದೇನ್ರಿ ಕಾಕಾ? ಅಕ್ಕಾರಿಗೆ ಫೋನ್ ಮಾಡ್ಲೇನು?"

"ಜ್ವರದಾಗ ಯಾಕ ತ್ರಾಸ ಕೊಡ್ತೀರಿ. ಓದ್ರಲ್ಲ, ಕಾಯಿ."

ಆಯುಧಪೂಜೆಗೆ ಸಂಘದಿಂದ ಎಲ್ಲರಿಗೂ ತೆಂಗಿನಕಾಯಿ ಕೊಡುವ ರೂಢಿ ನಮ್ಮಲ್ಲಿದೆ. ಅವನ್ನು ಆರಿಸುವವನು ನಾನು: ಹಿರಿಯ ಕಾಯಿ ಮಂಡಳಿಯವರಿಗೆ, ಮಧ್ಯಮದ್ದು ನೌಕರರಿಗೆ, ಸಣ್ಣದು ನೇಕಾರರಿಗೆ. ಎಚ್ ಎಂದರೆ ಹಿರಿದು, ಎಂ ಎಂದರೆ ಮಧ್ಯಮ, ಎಸ್ ಎಂದರೆ ಸಣ್ಣದು. ನಾನು ಹೇಳುತ್ತಿದ್ದಂತೆಯೇ ಅದು ನನಗೂ ಸತ್ಯವಾಗಿ ಕಾಣತೊಡಗಿತು. ಎಂಜಿನಿಯರ್ ಸಂತೋಷಪಟ್ಟು, ಬೇಡವಾದವುಗಳ ಪಟ್ಟಿಗೆ ಅದನ್ನು ಸೇರಿಸಿದರು. ಗೊತ್ತಿಲ್ಲ ಎನ್ನುವ ಒಂದು ಮಾತನ್ನು ನಾನು ಯಾವ ವಾಚನಾಲಯದಲ್ಲೂ ಕಲಿಯಲಿಲ್ಲ.

ಪರೀಕ್ಷೆಗೆಂದು ಮೊದಲು ಶಿರಹಟ್ಟಿ ಶಾಖೆಯಲ್ಲಿ ಹೊಸ ವ್ಯವಸ್ಥೆ ಶುರುವಾಯಿತು. ನೂಲಿನ ಟೆಂಪೋದಲ್ಲಿ ನಾನೂ ಅಕ್ಕಾರೂ ಹೋಗಿದ್ದೆವು. ಬೆಳಗಿನಿಂದ ಎಲ್ಲವೂ ಸರಾಗವಾಗಿ ನಡೆಯಿತು. ಹನ್ನೊಂದರ ಸುಮಾರಿಗೆ ಒಬ್ಬ ಹೆಣ್ಣುಮಗಳು ಚೀಲ ಹಿಡಿದು ಬಂದು ಸದಸ್ಯ ಸಂಖ್ಯೆ ಹೇಳಿದಳು. ಪರದೆಯ ಮೇಲೆ ಕೆಂಪು ಪಟ್ಟಿ ಬಂತು. ಶಾಖೆಯ ಗುಮಾಸ್ತ ಗಟ್ಟಿಯಾಗಿ ಓದಿದ: "ಸದಸ್ಯರು ಮೃತರಾಗಿದ್ದಾರೆ. ಸದಸ್ಯತ್ವ ಮುಕ್ತಾಯ."

"ಅಂವಾ ಸತ್ತು ಆರ ವರ್ಷ ಆತ್ರೀಪಾ," ಆಕೆ ಅಂದಳು. "ಇವತ್ತ ಮತ್ತ ಸತ್ತನೇನು?"

ಸಾಲಿನಲ್ಲಿದ್ದವರು ನಕ್ಕರು. ಆಕೆ ನಗಲಿಲ್ಲ. "ಅರ್ಧ ಸೀರಿ ಮಗ್ಗದ ಮ್ಯಾಲ ಐತಿ. ಹೊಕ್ಕಿನ ನೂಲು ಕೊಡ್ರಿ, ಹೋಗ್ತೀನಿ."

"ಯಂತ್ರ ಬ್ಯಾಡ ಅಂತೈತವ್ವಾ, ನಾ ಏನ ಮಾಡ್ಲಿ?"

ಅಕ್ಕಾರು ಎದ್ದು ಗುಮಾಸ್ತನ ಹಿಂದೆ ನಿಂತು ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಏನನ್ನೋ ಹುಡುಕಿದರು. ಆಮೇಲೆ ಹಳೆಯ ರೀತಿಯ ಚೀಟಿ ಬರೆದು, ತಮ್ಮ ಸಹಿ ಹಾಕಿ, ಆಕೆಗೆ ನೂಲು ಕೊಡಿಸಿದರು. ಆ ದಿನ ಅಂಥವರು ಇನ್ನೂ ಮೂವರು ಬಂದರು.

ಬೆಟಗೇರಿಗೆ ಮರಳಿದವರೇ ಎಂಜಿನಿಯರ್‌ರನ್ನು ಕೇಳಿದರು. "ಕೈ ಎಲ್ಲಿ ಹೋತ್ರಿ?"

"ಯಾವ ಕೈರಿ?"

"ಸಾಲಿನ ಕಡಿಗೆ ಇತ್ತಲ್ರಿ. ಕೆ, ಎ, ಐ."

"ಓ, ಕಾಯಿ. ಅದನ್ನ ತಗದೇವ್ರಿ. ಹಿರಿದು, ಮಧ್ಯಮ, ಸಣ್ಣದು ಅಂತ ತೆಂಗಿನಕಾಯಿ ಸೈಜ್ ಸಾಫ್ಟ್‌ವೇರಿನ್ಯಾಗ ಯಾಕಂತ..."

ಅಕ್ಕಾರು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ತಟ್ಟನೆ ನಿಂತರು. "ಯಾರ ಹೇಳಿದ್ರು?" ಎಂಜಿನಿಯರ್ ನನ್ನ ಕಡೆ ನೋಡಿದರು. ಅಕ್ಕಾರು ನೋಡಲಿಲ್ಲ.

ಸೀರೆ ಕೈಗೆ ಬಂದರೆ ನೇಕಾರರು ಮೊದಲು ಕೇಳುವುದು "ಇದು ಯಾರ ಕೈ?" ಎಂದು. ಧಾರವಾಡದವರು ಪ್ರೋಗ್ರಾಂ ಬರೆಯುವಾಗ ಅಕ್ಕಾರು ಅವರಲ್ಲಿ ಒಂದೇ ಒಂದಕ್ಷರದ ಜಾಗ ಬೇಡಿ ಪಡೆದಿದ್ದರು. ಎಚ್ ಎಂದರೆ ಹೇಣ್ತಿ, ಎಂ ಎಂದರೆ ಮಗಳು, ಎಸ್ ಎಂದರೆ ಸೊಸೆ. ಸದಸ್ಯ ಸತ್ತರೂ ಆ ಜಾಗದಲ್ಲಿ ಅಕ್ಷರವಿದ್ದರೆ ಹಳೆಯ ಯಂತ್ರ ಆ ಮನೆಯ ನೂಲನ್ನು ನಿಲ್ಲಿಸುತ್ತಿರಲಿಲ್ಲ. ಸಂಘದ ನಿಯಮದಲ್ಲಿ ಇದಿಲ್ಲ. ವಾರಸಾ ಕಾಗದ ತಂದು ಹೆಸರು ಬದಲಿಸಿಕೊಳ್ಳುವವರೆಗೆ ನೂಲಿಲ್ಲ ಎಂಬುದು ನಿಯಮ. ಮೈದುನರು ಸಹಿ ಹಾಕದ ಮನೆಗಳಲ್ಲಿ ಆ ಕಾಗದ ಆಗುವುದೇ ಇಲ್ಲ. ಒಂದಕ್ಷರದ ಮರೆಯಲ್ಲಿ ಆ ಮಗ್ಗಗಳು ವರ್ಷಗಟ್ಟಲೆ ನಡೆದಿದ್ದವು.

"ತಿರುಗಿ ಹಾಕಾಕ ಬರತೈತ್ರಿ," ಎಂಜಿನಿಯರ್ ನಿಧಾನವಾಗಿ ಹೇಳಿದರು. "ಆದ್ರ ಅರ್ಥ ಬರದು ಕೊಡಬೇಕು. ಅಧ್ಯಕ್ಷರ ಸಹಿ ಬೇಕು. ಮತ್ತ ಇದೇ ಕಿಟಕಿಯಾಗ ಇಲಾಖೆಯವ್ರೂ ನಿಂತು ಕೇಳ್ತಾರ. ಮೊದಲಿನಂಗ ಮುಚ್ಚಿಕೊಂಡು ಇರಾಕ ಆಗೂದಿಲ್ರಿ ಅಕ್ಕಾರ. ಇಷ್ಟ ದಿನ ಯಾರು ಬಿಟ್ಟವ್ರು ಅಂತ ಕೇಳ್ತಾರ."

ಅವರ ನಿವೃತ್ತಿಗೆ ಒಂದು ತಿಂಗಳಿತ್ತು. ಮರುದಿನ ಬುತ್ತಿಯ ಹೊತ್ತಿಗೆ ನಾನು ಅವರಿಗೆ ಬುದ್ಧಿ ಹೇಳಿದೆ. ಸುಮ್ಮನಿರಿ, ತಿಂಗಳು ಕಳೆಯಿರಿ, ಆ ಹೆಣ್ಣುಮಕ್ಕಳು ಕಾಗದ ಮಾಡಿಸಿಕೊಳ್ಳಲಿ, ನಾವೆಲ್ಲ ಸೇರಿ ಸಹಾಯ ಮಾಡೋಣ, ಎಂದೆ. ಆ ಮಾತಿನಲ್ಲಿ ವಿವೇಕ ಎಷ್ಟು, ನನ್ನ ಕಾಯಿಯ ಸಂಗತಿ ಹೊರಬೀಳದಿರಲಿ ಎಂಬ ಆಸೆ ಎಷ್ಟು, ಇಂದಿಗೂ ಬೇರ್ಪಡಿಸಲಾರೆ.

ಅವರು ರೊಟ್ಟಿ ಮುರಿಯುತ್ತಲೇ ಕೇಳಿದರು. "ಕಾಗದ ಆಗೂಮಟ ಮಗ್ಗ ನಿಂದರಬೇಕಲ್ರಿ. ಕುಣಿಮಗ್ಗ ನಿಂತ್ರ ಏನಾಗತೈತಿ ಗೊತ್ತೇನು? ವಾರದಾಗ ಮನಿಯವ್ರು ಆ ಕುಣಿಯೊಳಗ ಜ್ವಾಳದ ಚೀಲ ಇಳಸ್ತಾರ. ಆಮ್ಯಾಲ ಕಾಗದ ಬಂದ್ರೂ ಆಕಿ ಕಾಲಿಗೆ ಜಾಗ ಇರೂದಿಲ್ಲ."

ಹಳೆಯದೂ ಹೊಸದೂ ಒಂದೇ ಇದೆ, ಎಲ್ಲ ವಿವರ ಬಂದಿದೆ ಎಂದು ದೃಢೀಕರಿಸುವ ಕಾಗದಕ್ಕೆ ಅಕ್ಕಾರು ಸಹಿ ಹಾಕಬೇಕಿತ್ತು. ಹಾಕಲಿಲ್ಲ. ಅಧ್ಯಕ್ಷರು ಕರೆಸಿದರು. ಉದ್ಘಾಟನೆಗೆ ದೊಡ್ಡವರು ಬರುವವರಿದ್ದರು, ಚಪ್ಪರದವನಿಗೂ ಹೇಳಿಯಾಗಿತ್ತು.

"ಒಂದ ಸಹಿ ಅಲ್ಲಬೇ ಅಕ್ಕಾ. ಹಾಕಿ ಬಿಡು."

"ಎಲ್ಲಾ ಬಂದೈತಿ ಅಂತ ಬರದೀರಿ. ಬಂದಿಲ್ರಿ."

"ಕಂಪ್ಯೂಟರ್ ನಿನ್ನ ಕೈ ಬಿಟ್ಟು ಹೊಂಟೈತಿ ಅಂತ ಸಂಕಟ ನಿನಗ."

"ಕೈ ಬಿಟ್ಟ ಹೊಂಟೈತಿ, ಅದ ನಾನೂ ಅನ್ನೂದು," ಎಂದು ಹೊರಗೆ ಬಂದರು. ವಿರೋಧಿಸಿದರು ಎಂಬ ಕಥೆ ಹುಟ್ಟಿದ್ದು ಆ ಕೋಣೆಯಲ್ಲಿ, ಆ ದಿನ. ಉದ್ಘಾಟನೆ ಮೂರು ವಾರ ಮುಂದೆ ಹೋಯಿತು.

ಆ ಮೂರು ವಾರಗಳಲ್ಲಿ ಅವರು ಮೂರು ಅಕ್ಷರಗಳ ಅರ್ಥವನ್ನೂ, ಎಲ್ಲ ಮನೆಗಳ ಪಟ್ಟಿಯನ್ನೂ ಬರೆದು ಮಂಡಳಿಗೆ ಕೊಟ್ಟರು. ಗಲಾಟೆಯಾಯಿತು. ಆದರೆ ಪಟ್ಟಿ ಒಮ್ಮೆ ಕಾಗದಕ್ಕೆ ಬಂದ ಮೇಲೆ, ಇಷ್ಟು ಮಗ್ಗಗಳನ್ನು ನಾವು ನಿಲ್ಲಿಸಿದೆವು ಎಂದು ಬರೆದು ಸಹಿ ಹಾಕಲು ಮಂಡಳಿಯಲ್ಲಿ ಯಾರೂ ಮುಂದೆ ಬರಲಿಲ್ಲ. ವಾರಸಾ ಕಾಗದವಿಲ್ಲದಿದ್ದರೂ ನೇಯುವ ಕೈಗೆ ನೂಲು ಕೊಡಬಹುದೆಂಬ ಠರಾವು ಆಯಿತು. ಒಪ್ಪಿಕೊಂಡವರು ಯಾರು ಎಂಬುದಕ್ಕೆ ಆ ಠರಾವು ಸಾಕ್ಷಿ.

ಎಂಜಿನಿಯರ್ ಹೊಸ ಪುಟದಲ್ಲಿ ಒಂದು ಪಟ್ಟಿಯನ್ನು ಇಳಿಬಿಟ್ಟು ತೋರಿಸಿದರು: ಹೆಂಡತಿ, ಮಗಳು, ಸೊಸೆ. ಬೇಕಾದ್ದನ್ನು ಆರಿಸಿದರಾಯಿತು. ಅಕ್ಕಾರು ತಲೆ ಅಲ್ಲಾಡಿಸಿದರು.

"ಹೇಣ್ತಿ ಅನ್ನೂದು ಹೆಸರಲ್ರಿ. ಆವಾಗ ಜಾಗಾ ಇರಲಿಲ್ಲ, ನಾನೂ ಒಂದ ಅಕ್ಷರದಾಗ ಮುಗಸಿದ್ದೆ. ಈಗ ಜಾಗಾ ಐತಲ್ಲ?"

"ಎಷ್ಟು ಬೇಕಾದ್ರೂ ಐತ್ರಿ."

"ಹಂಗಾದ್ರ ಹೆಸರು ಕೇಳ್ರಿ."

ಶಿರಹಟ್ಟಿಯ ಆ ಹೆಣ್ಣುಮಗಳಿಗೆ ಫೋನು ಹಚ್ಚಿ ಅವರೇ ಮೊದಲ ಹೆಸರು ತುಂಬಿದರು. ಆಕೆ ಮೊದಲು ಗಂಡನ ಹೆಸರು ಹೇಳಿ, "ಅವ್ರ ಮನಿಯಾಕಿ ಅಂತ ಬರಕೊರಿ" ಎಂದಳು. ಅಕ್ಕಾರು ಎರಡು ಸಲ ಕೇಳಿದ ಮೇಲೆ "ನೀಲವ್ವ" ಎಂದಳು. ಫೋನಿನಲ್ಲಿ ಮಗ್ಗದ ಸಪ್ಪಳ ನಿಂತಿದ್ದು ನಮಗೂ ಕೇಳಿಸಿತು. ಅದನ್ನು ತುಂಬಿದ ಮೇಲೆ ಅಕ್ಕಾರು ದೃಢೀಕರಣದ ಕಾಗದ ತರಿಸಿ, ಯಾರೂ ಹೇಳದೆ ಸಹಿ ಹಾಕಿದರು.

ಈಗ ಆ ಜಾಗದಲ್ಲಿ ಎಲ್ಲ ಕಡೆ ಖರೆ ಹೆಸರುಗಳೇ ಇವೆಯೆಂದು ನಾನು ಹೇಳಲಾರೆ. ಲಕ್ಷ್ಮೇಶ್ವರದ ಕೆಲವು ಮನೆಗಳಲ್ಲಿ ಮಗ್ಗದ ಹತ್ತಿರವೂ ಸುಳಿಯದ ಗಂಡುಮಕ್ಕಳು ತಮ್ಮ ಹೆಸರನ್ನೇ ಹೇಳಿ ಹೋಗಿದ್ದಾರೆ. ಕಿಟಕಿ ಕೇಳುತ್ತದೆ, ಉತ್ತರ ಕೊಡುವವರು ಯಾರೆಂದು ಅದಕ್ಕೆ ತಿಳಿಯದು. ನೀಲವ್ವನ ಮಗ್ಗವಂತೂ ನಡೆದಿದೆ.

ನಿಯಮದಲ್ಲಿಲ್ಲದ ಕೈಗಳಿಗೆ ಇಷ್ಟು ವರ್ಷ ನೂಲು ಹೋದದ್ದಕ್ಕೂ, ಹೊಸ ವ್ಯವಸ್ಥೆಯಲ್ಲಿ ಗೊಂದಲ ಆದದ್ದಕ್ಕೂ ಅಕ್ಕಾರಿಂದ ಲಿಖಿತ ವಿವರಣೆ ಕೇಳಲಾಯಿತು. ವಿವರಣೆ ಬಾಕಿಯಿರುವವರಿಗೆ ಬೀಳ್ಕೊಡುಗೆ ಮಾಡುವ ಪದ್ಧತಿ ಇಲ್ಲವೆಂದು ಹೇಳಿ ಮಂಡಳಿಯವರು ಅದನ್ನೂ ಕೈಬಿಟ್ಟರು. ನಿವೃತ್ತಿಯ ಹಿಂದಿನ ದಿನ ಅವರು ಆ ವಿವರಣೆಯ ಹಾಳೆ ಹಿಡಿದು ಉಗ್ರಾಣಕ್ಕೆ ಬಂದರು. ಸಂಘದಲ್ಲಿ ಯಾರು ಏನು ಬರೆದರೂ ಕಾಗುಣಿತ ನೋಡುವುದಕ್ಕೆ ನನ್ನ ಬಳಿಗೆ ತರುವುದಿತ್ತು.

"ನನ್ನ ಕನ್ನಡ ನಿಮಗ ಗೊತ್ತ ಐತಲ್ರಿ. ಒಮ್ಮಿ ನೋಡಿ ಕೊಡ್ರಿ."

ಒಂದೇ ಮಗ್ಗುಲಿನ ಬರಹ. ನೂಲು ಕೊಟ್ಟದ್ದು ತಾವೇ ಎಂದು ನೇರವಾಗಿ ಬರೆದಿದ್ದರು, ಕ್ಷಮೆ ಕೇಳಿರಲಿಲ್ಲ. ಕೊನೆಯಲ್ಲಿ ಈ ಮಾತಿತ್ತು: "ಸದರಿ ಅಕ್ಷರದ ಅರ್ಥವನ್ನು ನಾನು ಯಾರಿಗೂ ತಿಳಿಸಿರಲಿಲ್ಲ. ಮಾಹೀತಿ ಇಲ್ಲದ ಕಾರಣ ಅದು ಬಿಟ್ಟುಹೋಗಿರುತ್ತದೆ. ತಪ್ಪು ನನ್ನದು."

ಅವರು ತಿಳಿಸಿದ್ದರು. ಬಹಳ ವರ್ಷಗಳ ಹಿಂದೆ, ಮುಂಡರಗಿಯ ಬಸ್ಸಿನಲ್ಲಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತು, ಮೂರೂ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ನನಗೆ ಹೇಳಿದ್ದರು. ನಾನು ಪತ್ರಿಕೆ ಓದುತ್ತ ಹೂಂಗುಟ್ಟಿದ್ದೆ. ಹಾಳೆಯನ್ನು ಹಿಡಿದು ನಿಂತಾಗ ಅದು ನನಗೆ ಸ್ಪಷ್ಟವಾಗಿ ನೆನಪಾಯಿತು. ಅವರು ಎದುರಿಗೇ ನಿಂತಿದ್ದರು. ಅವರಿಗೂ ನೆನಪಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮಾಹೀತಿ ಎಂಬಲ್ಲಿಯ ದೀರ್ಘವನ್ನು ಹೊಡೆದು ಹ್ರಸ್ವ ಮಾಡಿದೆ. ಉಳಿದದ್ದೆಲ್ಲ ಸರಿಯಿದೆ ಎಂದು ಹೇಳಿ ಹಾಳೆಯನ್ನು ಅವರಿಗೆ ಮರಳಿ ಕೊಟ್ಟೆ.